ಕಾರಿನ ಮಾತು ಯಾರ ಸೊತ್ತು?

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತ್ತು. ಗ್ಯಾರೇಜಿಗೆ ಹೋದೆ. "ಕಂಪ್ಯೂಟರೇ ಹೋಗೈತ್ರಿ, ಬದ್ಲಿ ಮಾಡ್ಬೇಕು. ನಿಮಗ ತಿಳಿಯಂಗಿಲ್ರಮ್ಮ, ಸಾರ್‌ನ ಕಳಿಸ್ರಿ" ಎಂದರು. ಕಾರು ನನ್ನ ಹೆಸರಿನಲ್ಲಿದೆ. ಕಂತು ಕಟ್ಟಿದವಳೂ ನಾನೇ!

ಪಾರ್ವತಿನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಗಳು ಸಾಲ್ಡರಿಂಗ್ ಐರನ್ ಹಿಡಿದು ಕೂತಳು. ಇ.ಎಲ್.ಎಂ. 327 ಎಂಬ ಚಿಪ್ಪು, ಒಂದಷ್ಟು ರೆಸಿಸ್ಟರು, ಟ್ರಾನ್ಸಿಸ್ಟರು. ಒಂದು ತುದಿ ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ಪರದೆಯಲ್ಲಿ 'ಪಿ 0113' ಎಂದು ಬಂತು. ಎಂಜಿನ್ನಿಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ದೂರು ಅದು. ಬಾನೆಟ್ ಎತ್ತಿದರೆ ಅದರ ಪ್ಲಗ್ಗು ಕಳಚಿತ್ತು. ಒತ್ತಿ ಕೂರಿಸಿ, ಕೋಡು ಅಳಿಸಿದೆವು. ದೀಪ ಮತ್ತೆ ಹತ್ತಲಿಲ್ಲ.

ಈ ವ್ಯವಸ್ಥೆ ಯಾರ ಗುಟ್ಟೂ ಅಲ್ಲ. ಹೊಗೆಯ ಮೇಲೆ ಕಣ್ಣಿಡಲೆಂದು ಅಮೆರಿಕದಲ್ಲಿ 1996ರಿಂದ, ನಮ್ಮಲ್ಲಿ 2010ರಿಂದ ಹಂತ ಹಂತವಾಗಿ ಕಾನೂನೇ ಕಡ್ಡಾಯ ಮಾಡಿದ್ದು.

ಮೆಕ್ಯಾನಿಕ್ಕಿನ ಕೈಗುಣಕ್ಕೆ ನನ್ನ ನಮಸ್ಕಾರವಿದೆ. ಕೋಡು ಜ್ವರವನ್ನು ತೋರಿಸುತ್ತದೆ, ಮದ್ದು ಹೇಳುವುದಿಲ್ಲ. ಆದರೆ ಥರ್ಮಾಮೀಟರು ನಮ್ಮ ಮನೆಯಲ್ಲಿ ಇರಬಾರದೇ? ಮಗುವಿನ ಜ್ವರ ಎಷ್ಟೆಂದು ನೋಡಿಕೊಂಡೇ ಡಾಕ್ಟರ ಬಳಿ ಓಡುವವರಲ್ಲವೇ ನಾವು?

ಮುಂದಿನ ಸಲ "ಸಾರ್‌ನ ಕಳಿಸ್ರಿ" ಎಂದರೆ ಅಲ್ಲೇ ನಿಂತು ಕೇಳಿ: "ಮೊದಲು ಕೋಡ್ ಎಷ್ಟು, ಹೇಳಪ್ಪಾ!"