ಮೊದಲು ಉಣ್ಣಿಸಿ, ಆಮೇಲೆ ಓಡಿಸಿ

ಅಮೆರಿಕದಲ್ಲಿ ಶಾಲಾ ಮಕ್ಕಳ ಕಸುವು ಅಳೆದು 1966ರಿಂದ ಅಧ್ಯಕ್ಷರ ಹೆಸರಲ್ಲಿ ಬಿರುದು ಕೊಡುತ್ತಿದ್ದರು. ಆ ಪರೀಕ್ಷೆಯನ್ನು 2012ರಲ್ಲಿ ಒಬಾಮ ಸರ್ಕಾರ ಕೈಬಿಟ್ಟಿತು. ಮತ್ತೆ ತರಲು 2025ರ ಜುಲೈ 31ರಂದು ಟ್ರಂಪ್ ಆಜ್ಞೆ ಹೊರಡಿಸಿದರು. ಮೈಲಿ ಓಟ, ಕಂಬಿ ಹಿಡಿದು ಮೈ ಎತ್ತುವುದು ಅದರಲ್ಲಿದ್ದವು. ಗೆದ್ದವರಿಗೆ ಬಿರುದು, ಸೋತವರಿಗೆ ಎಲ್ಲರೆದುರು ನಗೆಪಾಟಲು.

ಕಸುವು ಬೇಡ ಅಂತ ನಾವು ಹೇಳೋದಿಲ್ಲ. ಮೈ ಗಟ್ಟಿಯಿದ್ದರೇ ದುಡಿಮೆ, ಗಟ್ಟಿಯಿದ್ದರೇ ಹೋರಾಟ. ಆದರೆ ಹಸಿದ ಮಗು, ಉಂಡ ಮಗು ಎರಡನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಓಡಿಸಿದರೆ ಅಳೆದದ್ದು ಏನನ್ನು? ಮಗುವಿನ ಕಸುವನ್ನೋ, ಅದರ ಮನೆಯ ಒಲೆಯನ್ನೋ?

ಅದೇ ಅಮೆರಿಕದಲ್ಲಿ, 1969ರಲ್ಲಿ, ಓಕ್‌ಲ್ಯಾಂಡಿನ ಬ್ಲ್ಯಾಕ್ ಪ್ಯಾಂಥರ್‌ಗಳು ಮಕ್ಕಳನ್ನು ಅಳೆಯಲು ಹೋಗಲಿಲ್ಲ. ಶಾಲೆಗೆ ಹೊರಡೋ ಮುಂಚೆ ಪುಕ್ಕಟೆ ತಿಂಡಿ ಬಡಿಸಿದರು. ಅವರ ಹೆಸರನ್ನೇ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಇಟ್ಟುಕೊಂಡರು.

ನಮ್ಮಲ್ಲೂ ಖೇಲೋ ಇಂಡಿಯಾದ ಪರೀಕ್ಷೆ ಬಂದಿದೆ. 600 ಮೀಟರ್ ಓಡಬೇಕು. ಆದರೆ 2021ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಅಡ್ಡ ನಿಂತರು. ನಮ್ಮ ಮಕ್ಕಳ ತಟ್ಟೆಯ ಮೊಟ್ಟೆಗೆ ಇವರ ಅಪ್ಪಣೆ ಯಾಕೆ ಬೇಕು?

ಬಂಧುಗಳೇ, ಗಡಿಯಾರ ಹಿಡಿದು ನಿಮ್ಮ ಮಗುವನ್ನು ಓಡಿಸಲು ಬಂದವರನ್ನು ಕೇಳಿ: ಮೊದಲು ತಟ್ಟೆ ತೋರಿಸಿ!