ನಗುವವನ ಹೊಣೆ

ಬೇಸಿಗೆಯ ರಜೆಯಲ್ಲಿ ಬೆಂಗಳೂರಿಗೆ ಹೊರಡುವ ಕುಟುಂಬಗಳ ದಿನಚರಿ ಈಗ ಬದಲಾಗಿದೆ. ಲಾಲ್‌ಬಾಗು, ವಿಧಾನಸೌಧಗಳನ್ನು ನೋಡಿ, ನೆಂಟರ ಮನೆಯಲ್ಲಿ ಉಂಡು, ಮಕ್ಕಳಿಗೊಂದು ಆಟಿಕೆ ಕೊಡಿಸಿ ಹಿಂದಿರುಗುತ್ತಿದ್ದ ಕಾಲ ಕಳೆಯಿತು. ಸಂಜೆಗೊಂದು ನಾಟಕ, ಒಂದು ಸಂಗೀತ ಕಚೇರಿ, ಇಲ್ಲವೇ ಒಬ್ಬನೇ ನಿಂತು ಸಭೆಯನ್ನು ನಗಿಸುವ ಹಾಸ್ಯ ಪ್ರದರ್ಶನ ಇದ್ದರೇನೇ ರಜೆ ಸಾರ್ಥಕವೆಂಬ ಭಾವನೆ ಬೆಳೆದಿದೆ. ಊರಿನಿಂದಲೇ ಮೊಬೈಲಿನಲ್ಲಿ ಟಿಕೆಟ್ಟು ಕಾದಿರಿಸಿ ಬರುವವರೂ ಉಂಟು. ಇದನ್ನು ಕಂಡು ಸಮಾಜದಲ್ಲಿ ಎರಡು ಮಾತುಗಳು ಕೇಳಿಬರುತ್ತಿವೆ. ಇದೆಲ್ಲವೂ ಪಾಪದ ದಾರಿಯೆಂಬುದು ಹಿರಿಯರ ಮಾತು; ತಮಾಷೆಯಲ್ಲಿ ಪಾಪಪುಣ್ಯವೆಲ್ಲಿಯದು ಎಂಬುದು ಕಿರಿಯರ ಮಾತು. ವಿಚಾರ ಮಾಡಿದರೆ ಎರಡೂ ನಿಲ್ಲುವಂಥವಲ್ಲ.

ಹಿರಿಯರ ವಾದಕ್ಕೆ ಶಾಸ್ತ್ರದ ಆಧಾರ ಇಲ್ಲದಿಲ್ಲ. ಹಾಸ್ಯವು ಒಂಬತ್ತು ನೋಕಷಾಯಗಳಲ್ಲಿ ಒಂದು. ಸತ್ಯವ್ರತದ ಐದು ಭಾವನೆಗಳಲ್ಲಿ ಹಾಸ್ಯತ್ಯಾಗವೂ ಸೇರಿದೆ. ಆದರೆ ಆ ತ್ಯಾಗವನ್ನು ಸತ್ಯವ್ರತದ ಪ್ರಕರಣದಲ್ಲಿ ಹೇಳಿರುವುದೇಕೆ ಎಂಬುದನ್ನು ಗಮನಿಸಬೇಕು. ಕೋಪ, ಲೋಭ, ಭಯಗಳಂತೆಯೇ ನಗೆಯ ಹುಮ್ಮಸ್ಸೂ ಮನುಷ್ಯನಿಂದ ಸುಳ್ಳಾಡಿಸುತ್ತದೆ. ಎಚ್ಚರಿಕೆ ಬೇಕಾದುದು ಅಲ್ಲಿ. ಅಣುವ್ರತಿಯಾದ ಗೃಹಸ್ಥನು ಮುಖ ಗಂಟಿಕ್ಕಿಕೊಂಡೇ ಬಾಳಬೇಕೆಂದು ಅದರ ಅರ್ಥವಲ್ಲ. ಇನ್ನು, ನೃತ್ಯಗೀತಗಳ ನಿಸ್ಸಾರತೆಗೆ ನೀಲಾಂಜನೆಯ ಪ್ರಸಂಗವನ್ನು ಉದಾಹರಿಸುವುದು ರೂಢಿ. ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಆ ಪ್ರಸಂಗವನ್ನು ಓದಿದವರು ಒಂದು ಸಂಗತಿಯನ್ನು ಮರೆಯಬಾರದು. ನರ್ತಿಸುತ್ತಿದ್ದಂತೆಯೇ ನೀಲಾಂಜನೆ ಅದೃಶ್ಯಳಾದಳು. ರಸಭಂಗವಾಗದಂತೆ ಇಂದ್ರನು ಅವಳಂಥ ಇನ್ನೊಬ್ಬಳನ್ನು ತಂದು ನಿಲ್ಲಿಸಿದನು. ಸಭೆಗೆ ಅದು ತಿಳಿಯಲೇ ಇಲ್ಲ. ತಿಳಿದದ್ದು ವೃಷಭನಾಥನೊಬ್ಬನಿಗೆ. ಅವನು ರಂಗದಿಂದ ಮುಖ ತಿರುಗಿಸಿ ಕುಳಿತಿರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ನೋಡುತ್ತಿದ್ದನು. ವೈರಾಗ್ಯ ಹುಟ್ಟಿದ್ದು ನೋಡದೆ ಇದ್ದುದರಿಂದಲ್ಲ, ಪೂರ್ಣವಾಗಿ ನೋಡಿದುದರಿಂದ. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಅದೇ ನೃತ್ಯವನ್ನು ವೇದಿಕೆಯ ಮೇಲೆ ಆಡಿಸಿ ಕಣ್ತುಂಬಿಕೊಳ್ಳುವ ಸಮಾಜವು ರಂಗಭೂಮಿಯನ್ನೇ ಹಳಿಯುವುದು ಸಲ್ಲದು.

ರಾಜಧಾನಿಯ ಸಂಜೆಗಳಲ್ಲಿ ನೋಡತಕ್ಕದ್ದು ಬೇಕಾದಷ್ಟಿದೆ. 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ ಕನ್ನಡದ ಎಷ್ಟೋ ಹೊಸ ನಾಟಕಗಳಿಗೆ ನೆಲೆಯಾಯಿತು. ಏಳು ತಂತಿಗಳ ಪಿಟೀಲು ನುಡಿಸಿದ ಚೌಡಯ್ಯನವರ ಹೆಸರಿನ ಭವನ ಪಿಟೀಲಿನ ಆಕಾರದಲ್ಲಿಯೇ ಮಲ್ಲೇಶ್ವರದ ಬಳಿ ನಿಂತಿದೆ. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಬೇಸಿಗೆಯ ಹೊಸ್ತಿಲಲ್ಲಿಯೇ ಬರುತ್ತದೆ. 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಸರಿಯಾಗಿ ತೊಡಗುತ್ತದೆ. ತಡವಾಗಿ ಬಂದವರಿಗೆ, ಅವರು ಯಾರೇ ಆಗಿರಲಿ, ಬಾಗಿಲು ತೆರೆಯುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯವರಿಗೆ ಇಂಥ ಸಂಜೆಗಳಿಂದ ವ್ರತಭಂಗವೇನೂ ಆಗಬೇಕಿಲ್ಲ. ಅಂಗಡಿ ಮಳಿಗೆಗಳಲ್ಲಿ ಬೇಡದ ವಸ್ತುಗಳನ್ನು ಕೊಂಡು ಹೊತ್ತು ತರುವುದಕ್ಕಿಂತ ಒಂದು ಕಚೇರಿ ಕೇಳಿ ಬರಿಗೈಯಲ್ಲಿ ಮನೆಗೆ ಮರಳುವುದು ಅಪರಿಗ್ರಹಕ್ಕೂ ಹತ್ತಿರ.

ಹಾಗಾದರೆ ಆಕ್ಷೇಪವೆಲ್ಲಿ? ಕಿರಿಯರ ಮಾತಿನಲ್ಲಿ. "ದುಡ್ಡು ಕೊಟ್ಟು ನಗುವುದಕ್ಕೆ ಹೋದದ್ದು, ತಮಾಷೆಯನ್ನು ತಮಾಷೆಯಾಗಿ ನೋಡಬೇಕು" ಎಂಬ ಮಾತು ಮೇಲ್ನೋಟಕ್ಕೆ ನಿರಪಾಯಕರ. ಇಂಥ ಪ್ರದರ್ಶನಗಳಲ್ಲಿ ಪದೇ ಪದೇ ಕಾಣುವ ಒಂದು ನೋಟವನ್ನು ನೆನೆಯಬಹುದು. ಹಾಸ್ಯಗಾರನು ಮುಂದಿನ ಸಾಲಿನ ಒಬ್ಬರನ್ನು ಆರಿಸಿಕೊಳ್ಳುತ್ತಾನೆ. ಅವರ ದಪ್ಪ ಮೈ, ಕಪ್ಪು ಬಣ್ಣ, ತೊದಲು ನುಡಿ, ಹಳ್ಳಿಯ ಉಚ್ಚಾರ, ಯಾವುದಾದರೊಂದು ಅವನಿಗೆ ಸಾಕು. ಸಭೆ ನಗುತ್ತದೆ. ಅವರೂ ನಗಬೇಕಾಗುತ್ತದೆ, ನಗದಿದ್ದರೆ ರಸಿಕತೆಯಿಲ್ಲವೆಂಬ ಇನ್ನೊಂದು ಅಪಹಾಸ್ಯ ಕಾದಿರುತ್ತದೆ. ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಮಗು ಅಪ್ಪ ಅಮ್ಮ ನಗುವುದನ್ನು ನೋಡುತ್ತದೆ. ಮರುವಾರ ಶಾಲೆಯಲ್ಲಿ ತೊದಲುವ ಸಹಪಾಠಿಯನ್ನು ಅದು ಅಣಕಿಸಿದರೆ ಆ ಪಾಠ ಹೇಳಿದವರು ಯಾರು?

ಇಲ್ಲಿ ತಪ್ಪೆಲ್ಲ ಹಾಸ್ಯಗಾರನದೆಂದು ಕೈ ತೊಳೆದುಕೊಳ್ಳುವಂತಿಲ್ಲ. ಕರ್ಮವಿಚಾರದಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ಭೇದಗಳನ್ನು ಹೇಳಿದೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದುದನ್ನು ಮೆಚ್ಚಿದ್ದು. ಟಿಕೆಟ್ಟು ಕೊಂಡದ್ದು ಮಾಡಿಸಿದಂತೆ. ಚಪ್ಪಾಳೆ ತಟ್ಟಿದ್ದು ಮೆಚ್ಚಿದಂತೆ. ಅನರ್ಥದಂಡವ್ರತದ ಅತಿಚಾರಗಳಲ್ಲಿ ಕಂದರ್ಪ ಮತ್ತು ಕೌತ್ಕುಚ್ಯಗಳನ್ನು, ಅಂದರೆ ಅಶ್ಲೀಲ ಪರಿಹಾಸವನ್ನೂ ಅದಕ್ಕೆ ಸೇರಿದ ಅಂಗಚೇಷ್ಟೆಯನ್ನೂ, ಪ್ರತ್ಯೇಕವಾಗಿ ಹೆಸರಿಸಿದ ಆಚಾರ್ಯರು ಗೃಹಸ್ಥನ ಮನೋರಂಜನೆಯನ್ನು ಅರಿಯದವರಾಗಿರಲಿಲ್ಲ. ಇರುವೆಯನ್ನು ತುಳಿಯದಂತೆ ನೋಡಿ ನಡೆಯುವವನು ಎದುರಿಗಿರುವ ಮನುಷ್ಯನ ಮಾನ ತುಳಿತಕ್ಕೆ ಸಿಕ್ಕಿದಾಗ ಕೈತಟ್ಟುವುದಾದರೆ, ಆ ಅಹಿಂಸೆ ಕಾಲಿಗೆ ಮಾತ್ರ ಕಲಿಸಿದ ಅಭ್ಯಾಸವಾಗುತ್ತದೆ.

ಅವಮಾನವಿಲ್ಲದೆ ಹಾಸ್ಯವೇ ಇಲ್ಲವೆನ್ನುವವರಿಗೆ ಕನ್ನಡ ರಂಗಭೂಮಿಯೇ ಉತ್ತರ. ಮಾಸ್ಟರ್ ಹಿರಣ್ಣಯ್ಯನವರು ಲಂಚಾವತಾರದಲ್ಲಿ ಗೇಲಿ ಮಾಡಿದ್ದು ಬಡವನ ಹರಕು ಅಂಗಿಯನ್ನಲ್ಲ, ಅವನಿಂದ ಲಂಚ ಕೀಳುವವರನ್ನು. ಕೈಲಾಸಂ ಅವರು ಟೊಳ್ಳುಗಟ್ಟಿಯಲ್ಲಿ ನಗಿಸಿದ್ದು ಪರೀಕ್ಷೆಯಲ್ಲಿ ಸೋತ ಹುಡುಗನನ್ನು ಕಂಡಲ್ಲ, ಪರೀಕ್ಷೆಯೊಂದನ್ನೇ ಗಟ್ಟಿಯೆಂದು ನಂಬಿದ ಹಿರಿಯರನ್ನು ಕಂಡು. ಈ ನಗೆ ಬಲವುಳ್ಳವನನ್ನು ಎದುರಿಸುತ್ತದೆ. ಆ ನಗೆ ಬಲವಿಲ್ಲದವನ ಮೇಲೆ ಬೀಳುತ್ತದೆ. ಅಳತೆಗೋಲು ಕಠಿಣವೇನಲ್ಲ: ಯಾರನ್ನು ಕುರಿತು ನಗೆ ಎದ್ದಿತೋ ಅವರು ಅದೇ ಸಭೆಯಲ್ಲಿ ತಲೆಯೆತ್ತಿ ಕುಳಿತಿರಬಲ್ಲರೇ? ಅಧಿಕಾರದ ಅಹಂಕಾರವುಳ್ಳವನು ತಲೆತಗ್ಗಿಸಿದರೆ ಅದು ಅವನಿಗೆ ಹಿತ. ಹುಟ್ಟಿನಿಂದ ಬಂದ ಮೈಬಣ್ಣಕ್ಕಾಗಿ ಒಬ್ಬರು ತಲೆತಗ್ಗಿಸಬೇಕಾದರೆ ಅದು ಹಿಂಸೆ.

ಇಷ್ಟು ಹೇಳಿದೊಡನೆ, ಹಾಗಾದರೆ ಇಂಥವನ್ನು ನಿಷೇಧಿಸಲಿ ಎಂದು ಮೇಲೇಳುವವರಿದ್ದಾರೆ. 2021ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಒಬ್ಬ ಹಾಸ್ಯಗಾರನ ಪ್ರದರ್ಶನ ವಿರೋಧದ ನಡುವೆ ಪೊಲೀಸರ ಸೂಚನೆಯ ಮೇರೆಗೆ ರದ್ದಾಯಿತು. ಬೆದರಿಕೆಯಿಂದ ಬಾಯಿ ಮುಚ್ಚಿಸುವುದು ಒಂದು ಹಿಂಸೆಗೆ ಇನ್ನೊಂದನ್ನು ಕೂಡಿಸಿದಂತೆ. ಅನೇಕಾಂತವನ್ನು ಒಪ್ಪಿದವರು ಅದಕ್ಕೆ ದನಿಗೂಡಿಸಬಾರದು. ಪ್ರೇಕ್ಷಕನ ಕೈಯಲ್ಲಿ ಇದಕ್ಕಿಂತ ಮೇಲಾದ ಉಪಾಯಗಳಿವೆ. ನಗದೆ ಇರುವುದು ಒಂದು. ಮೌನವಾಗಿ ಎದ್ದು ಬರುವುದು ಇನ್ನೊಂದು. ಮತ್ತೊಮ್ಮೆ ಟಿಕೆಟ್ಟು ಕೊಳ್ಳದಿರುವುದು ಮೂರನೆಯದು. ಸಭೆ ನಗದ ಹಾಸ್ಯ ಬಹುಕಾಲ ಬಾಳುವುದಿಲ್ಲ.

ಕೊನೆಯದಾಗಿ ಒಂದು ಮಾತು. ಕಚೇರಿಯಲ್ಲಿ ಗಾಯಕನು ಆಲಾಪನೆಯಲ್ಲಿ ಮುಳುಗಿರುವಾಗ ಅರ್ಧ ಸಭೆ ಮೊಬೈಲನ್ನೆತ್ತಿ ಚಿತ್ರ ಹಿಡಿಯುತ್ತಿರುತ್ತದೆ. ಊರಿಗೆ ಮರಳಿ ತೋರಿಸುವುದಕ್ಕೆ ಬೇಕಾದ ಸಾಕ್ಷಿ ದೊರೆಯುತ್ತದೆ. ಕೇಳಬೇಕಾದ ರಾಗ ಕೇಳದೆ ಹೋಗುತ್ತದೆ. ನೀಲಾಂಜನೆ ಇಂದು ರಂಗದ ಮೇಲೆ ಕುಣಿಯುತ್ತ ಮರೆಯಾದರೆ ಇಂಥ ಸಭೆಗೆ ಅದು ತಿಳಿಯುವುದೇ? ರಜೆಯಲ್ಲಿ ನಗರಕ್ಕೆ ಹೋಗುವ ಗೃಹಸ್ಥನು ಹಾಡು ಕೇಳಲಿ, ನಾಟಕ ನೋಡಲಿ, ಹೊಟ್ಟೆ ತುಂಬ ನಗಲಿ. ಆದರೆ ರಂಗದ ಮೇಲೆ ಏನಾಗುತ್ತಿದೆ, ತನ್ನ ನಗೆ ಯಾರ ಮೇಲೆ ಬೀಳುತ್ತಿದೆ ಎಂಬುದರ ಮೇಲೆ ಕಣ್ಣಿಟ್ಟು ಕುಳಿತಿರಲಿ. ಟಿಕೆಟ್ಟಿನ ಹಣ ಆಸನಕ್ಕೆ ಮಾತ್ರ ಸಲ್ಲುತ್ತದೆ. ನಗೆಯ ಲೆಕ್ಕ ನಕ್ಕವನ ಬಳಿಯೇ ಉಳಿಯುತ್ತದೆ.