ಮನೆಗೆ ಬಂದ ಅಂಗಿ ಮೈಗೆ ಬಾರದಿದ್ದರೆ

ಕಳೆದ ವೈಶಾಖದ ಒಂದು ಸಂಜೆ ನಾವು ಜಗಲಿಯ ಮೇಲೆ ಕುಳಿತಿದ್ದಾಗ, ನಮ್ಮ ಬೀದಿಯ ಕೊನೆಯ ಮನೆಯಾಕೆ ಕೈಯಲ್ಲೊಂದು ಪೊಟ್ಟಣವನ್ನು ಹಿಡಿದುಕೊಂಡು ಬಂದರು. ಆಕೆ ಹಪ್ಪಳ ಸಂಡಿಗೆಗಳನ್ನು ಮಾಡಿ, ಮಾರಿ, ಸಂಸಾರವನ್ನು ಸಾಗಿಸುತ್ತಿರುವ ಮಾನವಂತೆ. ಹಿರಿಯ ಮಗನಿಗೆ ಬೆಂಗಳೂರಿನಲ್ಲಿ ಒಂದು ಉದ್ಯೋಗದ ಸಂದರ್ಶನವಿತ್ತು. ಅದಕ್ಕಾಗಿ 1,299 ರೂಪಾಯಿಗಳನ್ನು ಕೊಟ್ಟು, ಮೊಬೈಲಿನಲ್ಲಿ ಚಿತ್ರವನ್ನು ನೋಡಿ, ಒಂದು ಅಂಗಿಯನ್ನು ತರಿಸಿದ್ದರು. ಅಂಗಿ ಬಂದಿತು; ಆದರೆ ಎದೆಯ ಗುಂಡಿಗಳು ಕೂಡಲೊಲ್ಲವು. ಹಿಂದಕ್ಕೆ ಕಳುಹಿಸುತ್ತೇವೆಂದು ಹುಡುಗನು ಬರೆದುದಕ್ಕೆ, “ಇದು ರಿಯಾಯಿತಿಯ ಮಾಲು, ಅಳತೆ ಒಪ್ಪಲಿಲ್ಲವೆಂಬ ಕಾರಣಕ್ಕೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ” ಎಂದು ವರ್ತಕನ ಉತ್ತರ ಬಂದಿತ್ತು.

“ಮೇಷ್ಟ್ರೇ, ಒಂದು ತಿಂಗಳ ಹಪ್ಪಳದ ಲಾಭ ಇದರಲ್ಲಿ ಹೋಯಿತು. ಇದಕ್ಕೇನಾದರೂ ದಾರಿಯುಂಟೆ?” ಎಂದು ಆಕೆ ಕೇಳಿದರು.

“ನೋಡೋಣ, ತಾಯಿ. ಮೊದಲು ಒಂದು ಟೇಪನ್ನು ತನ್ನಿ” ಎಂದೆವು. ಅಂಗಿಯನ್ನು ಮಣೆಯ ಮೇಲೆ ಚಪ್ಪಟೆಯಾಗಿ ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದರೆ 19 ಅಂಗುಲ. ಸುತ್ತಳತೆ 38 ಎಂದಾಯಿತು. ವರ್ತಕನ ಅಳತೆಪಟ್ಟಿಯನ್ನು ಹುಡುಗನು ಮೊಬೈಲಿನಲ್ಲಿ ತೆರೆದು ತೋರಿಸಿದನು. ಅದೇ ಸೈಜಿಗೆ ಎದುರಾಗಿ “ಉಡುಪಿನ ಎದೆಯ ಸುತ್ತಳತೆ 42 ಅಂಗುಲ” ಎಂದು ಬರೆದಿತ್ತು. ಆಗ ವಿಷಯವು ಸ್ಪಷ್ಟವಾಯಿತು. ಹುಡುಗನ ಮೈ ತಪ್ಪಲ್ಲ. ಅಂಗಿಯೇ ತಾನು ಹೇಳಿಕೊಂಡಂತೆ ಇರಲಿಲ್ಲ. ಆದರೆ ಹುಡುಗನು ಹಿಂದಿರುಗಿಸುವ ಕಾರಣವನ್ನು ಗುರುತು ಮಾಡುವಾಗ “ಅಳತೆ ಒಪ್ಪಲಿಲ್ಲ” ಎಂಬುದನ್ನು ಆರಿಸಿದ್ದನು. ತನ್ನ ವ್ಯಾಜ್ಯವನ್ನು ತಾನೇ ದುರ್ಬಲ ಮಾಡಿಕೊಂಡಂತಾಗಿತ್ತು.

ಈ ತಿಂಗಳು ನಮ್ಮ ವಾಚಕರಿಗೆ ನಾವು ಹೇಳಬೇಕೆಂದಿರುವುದು ಈ ಒಂದು ಭೇದವನ್ನೇ. ಬಟ್ಟೆಯು ಮೈಗೆ ಹೊಂದಲಿಲ್ಲವೆಂಬುದು ಒಂದು ಮಾತು. ಬಟ್ಟೆಯು ವರ್ತಕನ ವರ್ಣನೆಗೆ ಹೊಂದಲಿಲ್ಲವೆಂಬುದು ಮತ್ತೊಂದು ಮಾತು. ಮೊದಲನೆಯದು ಕೊಂಡವನ ಪಶ್ಚಾತ್ತಾಪ. ಎರಡನೆಯದು ಮಾರಿದವನ ದೋಷ.

ಈ ಭೇದವು ಹೊಸದೇನೂ ಅಲ್ಲ. ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರದ ಹದಿನೆಂಟು ವಿವಾದಪದಗಳಲ್ಲಿ ಕ್ರಯವಿಕ್ರಯಾನುಶಯವೆಂಬುದೊಂದು. ಅಂದರೆ ಕೊಂಡ ಮೇಲೆ ಅಥವಾ ಮಾರಿದ ಮೇಲೆ ಮನಸ್ಸು ಕೆಡುವುದು. ಮನುವು ಇದಕ್ಕೆ ಹತ್ತು ದಿನಗಳ ಅವಕಾಶವನ್ನಿತ್ತನು. ನಾರದಸ್ಮೃತಿಯು ಇನ್ನೂ ಸೂಕ್ಷ್ಮವಾಗಿ, ಕೊಂಡ ದಿನವೇ ಕೆಡದೆ ಹಿಂದಿರುಗಿಸಿದರೆ ನಷ್ಟವಿಲ್ಲವೆಂದೂ, ಎರಡನೆಯ ದಿನವಾದರೆ ಬೆಲೆಯ ಮೂವತ್ತನೆಯ ಒಂದು ಪಾಲನ್ನೂ, ಮೂರನೆಯ ದಿನವಾದರೆ ಅದರ ಎರಡರಷ್ಟನ್ನೂ ಬಿಡಬೇಕೆಂದೂ, ಆ ಮೇಲೆ ಪದಾರ್ಥವು ಕೊಂಡವನದೇ ಎಂದೂ ಹೇಳುತ್ತದೆ. ಪರೀಕ್ಷೆಯ ಕಾಲವನ್ನು ವಿಧಿಸುವಾಗ ಕರೆಯುವ ಹಸುವಿಗೆ ಮೂರು ದಿನ, ಬೀಜಗಳಿಗೆ ಹತ್ತು ದಿನ, ಬಟ್ಟೆಗೆ ಮಾತ್ರ ಒಂದೇ ದಿನ! ಆದರೆ ನಿರ್ದೋಷವಾದುದನ್ನು ತೋರಿಸಿ ದೋಷವುಳ್ಳದ್ದನ್ನು ಕೊಟ್ಟ ವರ್ತಕನ ವಿಷಯದಲ್ಲಿ ಅದೇ ಸ್ಮೃತಿಯು ಕಠಿನವಾಗುತ್ತದೆ. ಅವನು ಬೆಲೆಯ ಎರಡರಷ್ಟನ್ನು ತೆರಬೇಕು. ಮೇಲೆ ಅಷ್ಟೇ ದಂಡವನ್ನೂ ಕೊಡಬೇಕು. ಚಿತ್ರವನ್ನು ತೋರಿಸಿ ಮಾಲನ್ನು ಕಳುಹಿಸುವ ಈ ಕಾಲದ ವ್ಯಾಪಾರಕ್ಕೆ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಈಗಿನ ಕಾನೂನೂ ಹೆಚ್ಚು ಕಡಮೆ ಇದೇ ಜಾಡಿನಲ್ಲಿ ನಡೆಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ನೆಯ ಜುಲೈ 20ರಂದು ಜಾರಿಗೆ ಬಂದಿತು. ಅದೇ ತಿಂಗಳು ಇ-ವಾಣಿಜ್ಯ ನಿಯಮಗಳೂ ಹೊರಟುವು. ಮಾಲು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರು ಮಾಡಿದ ಅಥವಾ ಒಪ್ಪಿಕೊಂಡ ಲಕ್ಷಣಗಳಿಲ್ಲದಿದ್ದರೆ, ಇಲ್ಲವೆ ಹೇಳಿದ ದಿನವನ್ನು ಮೀರಿ ಬಂದಿದ್ದರೆ, ಮಾರಿದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದಾಗಲಿ ಹಣವನ್ನು ಕೊಡುವುದಿಲ್ಲವೆಂದಾಗಲಿ ಹೇಳಕೂಡದೆಂದು ಆ ನಿಯಮಗಳು ವಿಧಿಸುತ್ತವೆ. ತಡವಾದುದು ದೈವಿಕ ಆಪತ್ತಿನಿಂದಾದರೆ ಮಾತ್ರ ಬೇರೆ ಮಾತು. ರಿಯಾಯಿತಿಯ ಮಾಲೆಂದ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಅಧಿನಿಯಮವು ಅನುಚಿತ ವ್ಯಾಪಾರವೆಂದೇ ಎಣಿಸುತ್ತದೆ.

ಆದರೆ ಮಾಲು ವರ್ಣಿಸಿದಂತೆಯೇ ಇದ್ದು, ನಮ್ಮ ಮೈಗೆ ಮಾತ್ರ ಬಾರದಿದ್ದರೆ? ಅಲ್ಲಿ ನಮ್ಮ ದೇಶದ ಕಾನೂನು ಕೊಂಡವನಿಗೆ ತಾನಾಗಿ ಯಾವ ಹಕ್ಕನ್ನೂ ಕೊಡುವುದಿಲ್ಲ. ಅಂಗಡಿಯವನು ತಾನಾಗಿ “ಏಳು ದಿನದಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ” ಎಂದು ಮಾತು ಕೊಟ್ಟಿದ್ದರೆ, ಆ ಮಾತಿಗೆ ಅವನು ಬದ್ಧನು. “ಬದಲಿ ಮಾತ್ರ, ಹಣವಿಲ್ಲ” ಎಂದು ಮೊದಲೇ ಬರೆದಿದ್ದರೆ ಅಷ್ಟೇ. ಆದುದರಿಂದ ಹಣ ತೆರುವ ಮೊದಲು ಆ ಸಾಲುಗಳನ್ನು ಓದತಕ್ಕದ್ದು. ಹಿಂದಿರುಗಿಸುವ ಷರತ್ತು, ಅದರ ಸಾಗಣೆಯ ಖರ್ಚು, ಮರುಪಾವತಿಯ ಕ್ರಮ ಮುಂತಾದ ವಿವರಗಳು ಗ್ರಾಹಕನ ಕಣ್ಣಿಗೆ ಕಾಣುವಂತಿರಬೇಕೆಂದು ನಿಯಮಗಳೇ ಹೇಳುತ್ತವೆ.

ಈ ಪಾಠವನ್ನು ನಾವು ನಮ್ಮ ಖರ್ಚಿನಲ್ಲಿಯೇ ಕಲಿತೆವೆಂದು ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಕೆಳಗೆ ನಾವೊಂದು ಖಾದಿಯ ಜುಬ್ಬವನ್ನು ತರಿಸಿದೆವು. ನಮ್ಮ ಎದೆಯ ಸುತ್ತಳತೆ 40 ಅಂಗುಲ. ಪಟ್ಟಿಯಲ್ಲಿಯೂ 40 ಎಂದಿದ್ದುದನ್ನೇ ಆರಿಸಿದೆವು. ಬಂದ ಜುಬ್ಬವು ಚರ್ಮಕ್ಕೆ ಅಂಟಿದಂತಾಯಿತು. ಕೋಪದಿಂದ ದೂರು ಬರೆಯಹೊರಟವರನ್ನು ನಮ್ಮ ಮನೆಯಾಕೆ ತಡೆದು, ಅಳೆದು ನೋಡಿದರು. ಜುಬ್ಬವು ಸರಿಯಾಗಿ 40 ಅಂಗುಲವೇ ಇತ್ತು! ಉಡುಪು ಮೈಗಿಂತ ಮೂರು ನಾಲ್ಕು ಅಂಗುಲವಾದರೂ ಸಡಿಲವಾಗಿರಬೇಕೆಂಬುದು ಯಾವ ದರ್ಜಿಗೂ ತಿಳಿದ ಸಂಗತಿ. ನಲವತ್ತು ವರ್ಷ ಶಬ್ದಾರ್ಥವನ್ನು ಬಿಡಿಸಿದ ಪಂಡಿತನಿಗೆ ಮಾತ್ರ ತಿಳಿಯಲಿಲ್ಲ. ಜುಬ್ಬವು ಸೋದರಳಿಯನ ಪಾಲಾಯಿತು.

ಹಿಂದೆ ದರ್ಜಿಯು ನಮ್ಮ ಹೆಗಲ ಮೇಲೆ ಟೇಪನ್ನಿಟ್ಟು ಒಬ್ಬನ ಮೈಗೇ ಹೊಲಿಯುತ್ತಿದ್ದನು. ಈಗ ಕಾರ್ಖಾನೆಯು ಕಾಣದ ಮೈಗಳಿಗೆ ಹೊಲಿಯುತ್ತದೆ. ಎಸ್, ಎಂ, ಎಲ್ ಎಂಬ ಅಕ್ಷರಗಳು ಅಳತೆಗಳಲ್ಲ, ಬರಿಯ ಹೆಸರುಗಳು. ಒಂದು ಕಂಪನಿಯ ಎಂ ಮತ್ತೊಂದರ ಎಲ್ ಆಗಿರುವುದುಂಟು. ಅನೇಕ ತಯಾರಕರು ಪಾಶ್ಚಾತ್ಯ ದೇಶಗಳ ಅಳತೆಗಳನ್ನೇ ಅಲ್ಲಲ್ಲಿ ತಿದ್ದಿ ಬಳಸುತ್ತ ಬಂದರು. ಈ ಕೊರತೆಯನ್ನು ನೀಗುವುದಕ್ಕಾಗಿಯೇ ನಿಫ್ಟ್ ಎಂಬ ರಾಷ್ಟ್ರೀಯ ವಸ್ತ್ರವಿನ್ಯಾಸ ಸಂಸ್ಥೆಯು, ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ, 15ರಿಂದ 65 ವಯಸ್ಸಿನವರೆಗಿನ 25,000 ಜನರ ದೇಹಗಳನ್ನು ಯಂತ್ರದಿಂದ ಅಳೆಯುವ ಇಂಡಿಯಾಸೈಜ್ ಎಂಬ ಯೋಜನೆಯನ್ನು ಕೈಗೊಂಡಿತು. ಆದುದರಿಂದ ಅಕ್ಷರವನ್ನು ನಂಬದೆ ಅಂಗುಲವನ್ನು ನಂಬುವುದು ಜಾಣತನ.

ಇನ್ನು ಗೃಹಸ್ಥರು ಅನುಸರಿಸಬೇಕಾದ ಕ್ರಮವನ್ನು ಹೇಳುತ್ತೇವೆ. ತರಿಸುವ ಮೊದಲು, ಮೈಯನ್ನಲ್ಲ, ಈಗಾಗಲೇ ಚೆನ್ನಾಗಿ ಒಪ್ಪುವ ಒಂದು ಹಳೆಯ ಉಡುಪನ್ನು ಹಾಸಿ ಅಳೆಯಿರಿ. ಪಟ್ಟಿಯಲ್ಲಿರುವುದು ಮೈಯ ಅಳತೆಯೋ ಉಡುಪಿನ ಅಳತೆಯೋ, ಸುತ್ತಳತೆಯೋ ಒಂದು ಪಾರ್ಶ್ವದ ಅಗಲವೋ ಎಂಬುದನ್ನು ನೋಡಿರಿ. ಆ ಪಟ್ಟಿಯ ಮತ್ತು ಷರತ್ತುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿರಿ. ಇಂದಿದ್ದ ಬರಹ ನಾಳೆ ಇರುವುದೆಂಬ ಭರವಸೆಯಿಲ್ಲ. ಪೊಟ್ಟಣ ಬಂದ ದಿನವೇ ಬಿಚ್ಚಿ ಅಳೆಯಿರಿ. ಒಗೆಯಬೇಡಿರಿ, ಚೀಟಿಯನ್ನು ಕೀಳಬೇಡಿರಿ. ಬಿಲ್ಲನ್ನು ಜೋಪಾನವಾಗಿಡಿರಿ. ಅಳತೆಯು ಪಟ್ಟಿಗೆ ಭಿನ್ನವಾಗಿದ್ದರೆ ಟೇಪಿನೊಡನೆ ಉಡುಪಿನ ಚಿತ್ರ ತೆಗೆದು, “ವರ್ಣಿಸಿದಂತೆ ಇಲ್ಲ” ಎಂಬ ಕಾರಣವನ್ನೇ ಗುರುತು ಮಾಡಿರಿ. ಭಿನ್ನವಾಗಿಲ್ಲದಿದ್ದರೆ ಹಾಗೆ ಬರೆಯುವುದು ಅಸತ್ಯ. ಆಗ “ಅಳತೆ ಒಪ್ಪಲಿಲ್ಲ” ಎಂದೇ ಬರೆದು, ಕೊಟ್ಟ ಅವಧಿಯೊಳಗೆ ಹಿಂದಿರುಗಿಸಿರಿ.

ವರ್ತಕನು ಒಪ್ಪದಿದ್ದರೆ ಅಷ್ಟಕ್ಕೇ ಸುಮ್ಮನಾಗಬೇಕಾದುದಿಲ್ಲ. ಇಂತಹ ಪ್ರತಿಯೊಂದು ವ್ಯಾಪಾರ ಸಂಸ್ಥೆಯೂ ಕುಂದುಕೊರತೆಗಳ ಅಧಿಕಾರಿಯೊಬ್ಬನನ್ನು ನೇಮಿಸಿ, ಅವನ ಹೆಸರು ವಿಳಾಸಗಳನ್ನು ಪ್ರಕಟಿಸಬೇಕು. ದೂರು ತಲಪಿತೆಂದು ಅವನು 48 ಗಂಟೆಗಳೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯೂ ಫಲಿಸದಿದ್ದರೆ 1915 ಎಂಬ ಸಂಖ್ಯೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಕರೆಯಬಹುದು. ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ವರ್ತಕನು ದಿಲ್ಲಿಯಲ್ಲಿರಲಿ, ಸೂರತ್ತಿನಲ್ಲಿರಲಿ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂಬುದು 2019ರ ಅಧಿನಿಯಮದ ದೊಡ್ಡ ಉಪಕಾರ. ಐದು ಲಕ್ಷ ರೂಪಾಯಿಗಳವರೆಗಿನ ಕ್ರಯಕ್ಕೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ಕಡ್ಡಾಯವಿಲ್ಲ. ಎರಡು ವರ್ಷಗಳ ಕಾಲಾವಕಾಶವಿದೆ.

ಹೊರದೇಶಗಳಲ್ಲಿರುವ ನಮ್ಮ ಕನ್ನಡಿಗ ಬಂಧುಗಳ ಸ್ಥಿತಿ ಬೇರೆ. ಬ್ರಿಟನ್ನಿನಲ್ಲಿಯೂ ಐರೋಪ್ಯ ಒಕ್ಕೂಟದ ದೇಶಗಳಲ್ಲಿಯೂ ದೂರದಿಂದ ತರಿಸಿದ ಬಟ್ಟೆಯನ್ನು, ಕೈಸೇರಿದ 14 ದಿನಗಳೊಳಗೆ, ಕಾರಣವನ್ನೇ ಹೇಳದೆ ಬೇಡವೆನ್ನಬಹುದು. ಮನುವಿನ ಹತ್ತು ದಿನಗಳು ಅಲ್ಲಿ ಹದಿನಾಲ್ಕಾಗಿವೆಯೆನ್ನೋಣವೆ? ಆದರೆ ಗ್ರಾಹಕನ ಅಳತೆಗೆಂದೇ ಹೊಲಿಸಿದ ಉಡುಪಿಗೆ ಅಲ್ಲಿಯೂ ಈ ಅನುಕೂಲವಿಲ್ಲ.

ಹಕ್ಕಿನ ಮಾತನ್ನು ಹೇಳಿದ ಮೇಲೆ ಧರ್ಮದ ಮಾತನ್ನೂ ಹೇಳಬೇಕು. ಹಿಂದಿರುಗಿಸಬಹುದೆಂಬ ಧೈರ್ಯದಿಂದ ಒಂದೇ ಉಡುಪನ್ನು ಮೂರು ಅಳತೆಗಳಲ್ಲಿ ತರಿಸುವುದೂ, ಮದುವೆಯ ಮನೆಗೆ ಒಂದು ದಿನ ಉಟ್ಟು ಮರುದಿನ ಮಡಿಸಿ ಕಳುಹಿಸುವುದೂ ಈಚೆಗೆ ಕೆಲವೆಡೆ ಜಾಣತನವೆನಿಸಿಕೊಂಡಿವೆ. ಆ ನಷ್ಟವು ದೊಡ್ಡ ಸಂಸ್ಥೆಗೆ ಮಾತ್ರ ತಟ್ಟುವುದೆಂದು ತಿಳಿಯಬಾರದು; ಎಲ್ಲಿಯೋ ನಾಲ್ಕು ಯಂತ್ರಗಳನ್ನಿಟ್ಟುಕೊಂಡು ಹೊಲಿದು ಮಾರುವ ಸಣ್ಣ ಸಂಸಾರವೂ ಅದನ್ನು ಹೊರುತ್ತದೆ. ಸುಳ್ಳು ದೂರುಗಳು ಹೆಚ್ಚಿದಷ್ಟೂ ನಿಜವಾದ ದೂರಿಗೆ ಬೆಲೆ ಕಡಮೆಯಾಗುತ್ತದೆ.

ನಮ್ಮ ನೆರೆಯಾಕೆಯ ಕಥೆಯನ್ನು ಮುಗಿಸುವೆವು. ಅಂದು ರಾತ್ರಿಯೇ ಹುಡುಗನನ್ನು ಕೂಡಿಸಿಕೊಂಡು, ಪಟ್ಟಿಯ ಚಿತ್ರವನ್ನೂ ಟೇಪಿನ ಚಿತ್ರವನ್ನೂ ಜೊತೆಗಿಟ್ಟು, ಕುಂದುಕೊರತೆಗಳ ಅಧಿಕಾರಿಗೆ ಹನ್ನೆರಡು ಸಾಲುಗಳ ಒಂದು ಪತ್ರವನ್ನು ಬರೆಸಿದೆವು. ಮರುದಿನ, ದೂರು ತಲಪಿತೆಂದು ತಿಳಿಸಿದರು. ಹನ್ನೊಂದನೆಯ ದಿನ ಪೂರ್ತಿ ಹಣವು ಬಂದಿತು. ಅಷ್ಟರೊಳಗೆ ಸಂದರ್ಶನದ ದಿನವು ಕಳೆದುಹೋಗಿತ್ತು. ತಂದೆಯ ಹಳೆಯ ಅಂಗಿಯೊಂದನ್ನು ತಾಯಿಯೇ ಬಿಚ್ಚಿ ಹಿಡಿದು ಹೊಲಿದು ಕೊಟ್ಟಿದ್ದರು. ಹುಡುಗನು ಅದನ್ನೇ ತೊಟ್ಟು ಹೋಗಿಬಂದನು. ಆ ಕೆಲಸ ಅವನಿಗೆ ದೊರೆಯಲಿಲ್ಲ. ಅಂಗಿಯ ದೆಸೆಯಿಂದಲೇ ಎಂದು ನಾವು ಹೇಳಲಾರೆವು. ಅಲ್ಲವೆಂದು ಆ ತಾಯಿಯ ಮನಸ್ಸನ್ನು ಒಪ್ಪಿಸುವುದೂ ನಮ್ಮಿಂದಾಗಲಿಲ್ಲ. ಕಾನೂನು ಹಣವನ್ನು ಮರಳಿ ಕೊಡಿಸೀತು. ಕಳೆದ ದಿನವನ್ನು ಕೊಡಿಸಲಾರದು. ಶುಭಕಾರ್ಯಕ್ಕಾಗಲಿ ಮುಖ್ಯ ಕಾರ್ಯಕ್ಕಾಗಲಿ ಬಟ್ಟೆ ತರಿಸುವವರು ಹದಿನೈದು ದಿನಗಳಾದರೂ ಮುಂಚಿತವಾಗಿ ತರಿಸತಕ್ಕದ್ದೆಂಬುದು ಇದರಿಂದ ನಾವು ಕಲಿತ ಪಾಠ.

ಎರಡನೆಯ ಸಂದರ್ಶನಕ್ಕೆ ಕರೆ ಬಂದಾಗ ಹುಡುಗನು ತಾನಾಗಿಯೇ ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಟೇಪು ಕೊಡಿ” ಎಂದನು. ಪಂಚಾಂಗದ ಪಕ್ಕದ ಮೊಳೆಗೆ ಈಗ ಅದು ನಮ್ಮ ಮನೆಯಲ್ಲಿ ಸದಾ ತೂಗಾಡುತ್ತಿರುತ್ತದೆ. ವಾಚಕರ ಮನೆಗಳಲ್ಲಿಯೂ ಒಂದಿರಲಿ.